ಮಳೆ ಪುಸ್ತಕ ಮಕ್ಕಳ ಕೈಗೆ

ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವ ರೂಢಿ ಹಳೆಯದು. ಈ ಮಳೆಗಾಲ ಆ ಪುಸ್ತಕವನ್ನು ಮಕ್ಕಳಿಗೆ ಒಪ್ಪಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಳೆಮಾಪಕ ನೋಡಿ ತಾರೀಖು, ಇಂಚು, ಸೆಂಟು ಬರೆಯಲಿ. 100 ಸೆಂಟಿಗೆ 1 ಇಂಚು. ಪಕ್ಕದಲ್ಲಿ ಕಂಡದ್ದೊಂದು ವಾಕ್ಯ ಸಾಕು: "ಆರಿದ್ರಾ ಮಳೆ, 2 ಇಂಚು 35 ಸೆಂಟು. ಕಣದಲ್ಲಿ ಕಪ್ಪೆ ಕೂತಿತ್ತು."

ಒತ್ತಕ್ಷರ ತಿದ್ದಲು ಹೋಗಬೇಡಿ. ಕೆಂಪು ಗೆರೆ ಬಿದ್ದರೆ ಮಗು ತಪ್ಪಾಗದ ಪದಗಳನ್ನಷ್ಟೇ ಹುಡುಕುತ್ತದೆ. ಕಪ್ಪೆ ಮಾಯವಾಗಿ "ಮಳೆ ಬಂತು" ಅಷ್ಟೇ ಉಳಿಯುತ್ತದೆ. ಪೆನ್ಸಿಲ್ಲೇ ಇರಲಿ, ಥಂಡಿ ಹಿಡಿದ ಹಾಳೆಯಲ್ಲಿ ಶಾಯಿ ಹರಡುತ್ತದೆ.

ರಾತ್ರಿ ಕರೆಂಟ್ ಹೋದಾಗ ಅಜ್ಜಿಗೆ ಹಳೆಯ ಪುಟಗಳನ್ನು ಓದಿ ಹೇಳಲಿ. "ಆ ವರ್ಷ ಹಳ್ಳ ಉಕ್ಕಿತ್ತು ಕಣೋ" ಎಂದು ಅಜ್ಜಿ ಶುರುಮಾಡಿದರೆ ಅದನ್ನೂ ಅಂಚಿನಲ್ಲಿ ಬರೆಸಿ.