‘ಊರ ಹೊರಗೆ ಮನೆ ತಗೊಳ್ಳಬಹುದಾ?’

ನಾನು ದಾವಣಗೆರೆಯ ಅಂಚಿನ ಬಡಾವಣೆಯೊಂದರಲ್ಲಿ ಇದ್ದೀನಿ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ: ‘ಊರ ಹೊರಗೆ ಒಂದು ಮನೆ ನೋಡಿದೀವಿ, ತಗೊಳ್ಳಬಹುದಾ? ಅಲ್ಲಿ ಹತ್ರ ಏನೇನು ಸಿಗುತ್ತೆ?’

ಹತ್ತಿರ ಏನಿದೆ ಅನ್ನುವುದನ್ನು ಮಾರುವವರೇ ಚೆನ್ನಾಗಿ ಹೇಳುತ್ತಾರೆ. ಹದಡಿ ರಸ್ತೆಯಾದರೆ ತೋಳಹುಣಸೆಯ ವಿಶ್ವವಿದ್ಯಾಲಯ, ಬೈಪಾಸ್ ಕಡೆಯಾದರೆ ಹೆದ್ದಾರಿ 48. ಶಾಲೆ, ಕಾಲೇಜು, ಆಸ್ಪತ್ರೆಗೆ ನಮ್ಮೂರಲ್ಲಿ ಬರ ಇಲ್ಲ. ಸ್ಕೂಟರ್ ಇದ್ದರೆ ಯಾವ ಮೂಲೆಯಿಂದಲೂ ಊರ ನಡುವಿನ ಪಿ.ಜೆ. ಬಡಾವಣೆಗೆ ಬಂದುಬಿಡಬಹುದು. ದೂರದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ತಿರುಗಿ ಕೇಳುವುದು ಬೇರೆ. ಆ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ?

ದೂಡಾ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಮಂಜೂರು ಮಾಡಿದ ನಕ್ಷೆಯನ್ನು ಎಲ್ಲರೂ ತೋರಿಸುತ್ತಾರೆ. ಅದರ ಮುಂದಿನ ಕಥೆ ಯಾರೂ ಹೇಳಲ್ಲ. ಲೇಔಟ್ ಮಾಡಿದವರು ರಸ್ತೆ, ಒಳಚರಂಡಿ, ಬೀದಿದೀಪ, ಪಾರ್ಕು ಎಲ್ಲ ಮುಗಿಸಿ ಪಾಲಿಕೆಗೆ ಒಪ್ಪಿಸಬೇಕು; ಹಸ್ತಾಂತರ ಅಂದರೆ ಇದೇ. ಅಲ್ಲಿಯವರೆಗೆ ದೀಪ ಕೆಟ್ಟರೂ, ಮ್ಯಾನ್‌ಹೋಲ್ ಉಕ್ಕಿದರೂ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಾಗಲ್ಲ. ನಕ್ಷೆಯಲ್ಲಿ ಹಸಿರು ಬಳಿದ ಪಾರ್ಕು ಜಾಲಿ ಗಿಡ ಬೆಳೆಸಿಕೊಂಡು ಕೂತಿರುತ್ತದೆ.

ಇನ್ನು ನೀರು. ನಿಜವಾದ ತಲೆನೋವು ಇದೇ. ದಾವಣಗೆರೆಗೆ ಒಂದು ಕಡೆ ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದ ನೀರೆತ್ತುತ್ತಾರೆ. ಇನ್ನೊಂದು ಕಡೆ ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಳ್ಳುತ್ತಾರೆ. ನಾಲೆ ವರ್ಷವಿಡೀ ಹರಿಯಲ್ಲ. ನಿಂತ ಮೇಲೆ ಕೆರೆಯಲ್ಲಿ ಉಳಿದದ್ದನ್ನೇ ಅಳೆದು ಕೊಡಬೇಕು. ಹಾಗಾಗಿ ‘ನಲ್ಲಿ ಇದೆಯಾ’ ಅಂತ ಕೇಳಿದರೆ ಸಾಲದು. ಬರುವುದು ಹೊಳೆ ನೀರಾ, ಬೋರ್ ನೀರಾ? ಎಷ್ಟು ದಿನಕ್ಕೊಮ್ಮೆ? ಸಂಪು ಎಷ್ಟು ದೊಡ್ಡದು? ಪೇಟೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನಕ್ಕೆ 540 ಲೀಟರ್. ವಾರಕ್ಕೊಮ್ಮೆ ನೀರು ಬಿಟ್ಟರೆ ಸುಮಾರು 3,800 ಲೀಟರ್ ಬೇಕು. ಎರಡು ಸಾವಿರ ಲೀಟರಿನ ಸಂಪು ತೋರಿಸಿ ‘ನೀರಿಗೇನೂ ತೊಂದರೆ ಇಲ್ಲ’ ಅಂದರೆ ನಂಬಬೇಡಿ. ಇದನ್ನು ಮಾರುವವರನ್ನಲ್ಲ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಅದೂ ಏಪ್ರಿಲ್‌ನಲ್ಲಿ.

ಎಷ್ಟೋ ಹೊಸ ಲೇಔಟ್‌ಗಳು ಮೊದಲು ಭತ್ತದ ಗದ್ದೆಗಳಾಗಿದ್ದವು. ಎರೆ ಮಣ್ಣಾದರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಸುಣ್ಣ–ಬಣ್ಣ ಹೊಸದಾಗಿದ್ದರೆ ಇನ್ನೂ ಜಾಸ್ತಿ ಹುಷಾರು. ಪಕ್ಕದಲ್ಲಿ ಗದ್ದೆ ಉಳಿದಿದ್ದರೆ ಸೊಳ್ಳೆ, ಆಗಾಗ ಒಂದು ಹಾವು, ಇದಕ್ಕೆಲ್ಲ ಒಗ್ಗಿಕೊಳ್ಳಬೇಕು.

ಕಾಗದಪತ್ರ ವಕೀಲರಿಗೆ ಬಿಡಿ. ಆದರೆ ಆಸ್ತಿಯ ಆನ್‌ಲೈನ್ ದಾಖಲೆ, ಅಂದರೆ ಪಾಲಿಕೆ ವ್ಯಾಪ್ತಿಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಇಲ್ಲದೆ ಮುಂಗಡ ಕೊಡಬೇಡಿ.

ಬಡಾವಣೆ ಜೀವ ಹಿಡಿದಿದೆಯಾ ಅನ್ನುವುದಕ್ಕೆ ನನ್ನದೊಂದು ಗುರುತು ಇದೆ. ಸಂಜೆ ಮಂಡಕ್ಕಿ–ಮಿರ್ಚಿ ಗಾಡಿ ಬರುತ್ತದಾ ನೋಡಿ. ಜನ ಇಲ್ಲದ ಕಡೆ ಗಾಡಿಯವರು ಎಣ್ಣೆ ಕಾಯಿಸಲ್ಲ, ಅಲ್ವಾ?

ಹಸ್ತಾಂತರ ಆಗಿಲ್ಲ ಅಂತ ಮನೆ ಬಿಡಬೇಕಂತೇನೂ ಇಲ್ಲ. ಆದರೆ ರೇಟು ಮಾತಾಡುವಾಗ ಟ್ಯಾಂಕರ್ ಖರ್ಚು, ದೊಡ್ಡ ಸಂಪಿನ ಖರ್ಚು ಎರಡನ್ನೂ ಅದರಲ್ಲೇ ಕಳೆದು ಕೇಳಿ.