ಜನ ಎಷ್ಟು, ತೊಡೆ ಎಷ್ಟು

"ಬೊಂಬೆ ಎಷ್ಟು ಅಂತ ಕೇಳಲಿಲ್ಲ ಮಾರಾಯ. ಜನ ಎಷ್ಟು?"

"...ಒಬ್ಬ."

ಈ ಭಾನುವಾರ ಜಯನಗರದ ಒಂದು ಕೆಫೆಯ ಮಹಡಿಯಲ್ಲಿ ಆಕ್ಷನ್ ಫಿಗರ್ (ಕೈಕಾಲು ಮಡಚುವ ಪ್ಲಾಸ್ಟಿಕ್ ಬೊಂಬೆ) ಅದಲುಬದಲಿ ನಡೆಯುತ್ತಿದ್ದಾಗ ಕಿವಿಗೆ ಬಿದ್ದ ಮಾತು. ಮೇಜಿನ ಈಚೆ, ನಲವತ್ತು ಚಿಲ್ಲರೆ ಬ್ಯಾಟ್‌ಮನ್‌ಗಳನ್ನು ಕಪ್ಪು, ಬೂದು, ನೀಲಿ ಅಂತ ಬಣ್ಣದ ಪ್ರಕಾರ ಸಾಲು ನಿಲ್ಲಿಸಿಕೊಂಡವನು. ಆಚೆ, ಒಂದು ಪಾತ್ರಕ್ಕೆ ಒಂದೇ ಬೊಂಬೆ ಎಂಬ ವ್ರತ ಹಿಡಿದವನು. "ಒಬ್ಬ" ಅನ್ನುವ ಮುಂಚೆ ಬ್ಯಾಟ್‌ಮನ್‌ನವನು ತನ್ನ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ ನಿಜವಾಗಿಯೂ ನೋಡಿದ, ಎಲ್ಲಾದರೂ ಒಬ್ಬ ಜೋಕರ್ ಸಿಕ್ಕಿಬಿಟ್ಟಾನೇನೋ ಎಂಬಂತೆ. ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ಅವನು ತಿರುಗಿಸಿ ಕೇಳಿದ್ದಕ್ಕೆ ಮಾತ್ರ ಯಾರೂ ನಗಲಿಲ್ಲ:

"ಸರಿ. ನಿನ್ನ ಅರವತ್ತು ಜನಕ್ಕೆ ತೊಡೆ ಎಷ್ಟು?"

ಅರ್ಧ ಜನ ತಮ್ಮ ಕೈಲಿದ್ದ ಬೊಂಬೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು.

ಇಬ್ಬರನ್ನೂ ಬಲ್ಲವರು ಈ ಜಗಳದಲ್ಲಿ ಯಾರ ಕಡೆಗೂ ಪೂರ್ತಿ ವಾಲುವುದಿಲ್ಲ. ವ್ರತದವನು ತುಂಬ ತಿಳಿದುಕೊಂಡವನು, ಅಷ್ಟೇ ಹಟಮಾರಿ, ಪೆಟ್ಟಿಗೆ ಒಡೆಯುವುದೇ ಇಲ್ಲ. ತನ್ನದೇ ಬೊಂಬೆಯ ಮೊಣಕೈ ಹೇಗೆ ಮಡಚುತ್ತದೆ ಎಂಬುದನ್ನು ಇನ್ನೊಬ್ಬರ ವಿಡಿಯೋ ನೋಡಿ ತಿಳಿದುಕೊಳ್ಳುತ್ತಾನೆ. ಬ್ಯಾಟ್‌ಮನ್‌ನವನು ಉದಾರಿ, ಮಕ್ಕಳು ಕೇಳಿದರೆ ಆಡಲು ಕೊಡುತ್ತಾನೆ. ಹೊಸ ಬಣ್ಣದ ಕೇಪ್ ಕಂಡರೆ ಮಾತ್ರ ಬುದ್ಧಿ ನೆಟ್ಟಗಿರುವುದಿಲ್ಲ. ಆದರೂ ಆ ದಿನದ ಒಳ್ಳೆಯ ಪ್ರಶ್ನೆ ಕೇಳಿದವನು ಅವನೇ: ಅರವತ್ತು ಪಾತ್ರಗಳಿಗೆ ನಿಜವಾಗಿ ಬೇರೆ ಬೇರೆ ತೊಡೆಯ ಅಚ್ಚು ಎಷ್ಟು?

ಆರಿಂಚಿನ ಮಾರ್ವೆಲ್ ಲೆಜೆಂಡ್ಸ್ ನೋಡಿ. 2002ರಲ್ಲಿ ಟಾಯ್ ಬಿಜ್ ಕಂಪನಿ ಶುರುಮಾಡಿದ ಬೊಂಬೆ ಸಾಲು, 2007ರಿಂದ ಹ್ಯಾಸ್ಬ್ರೋ ಕೈಯಲ್ಲಿದೆ. ಇಲ್ಲಿ ಗಂಡಸರಿಗೆ ಸಣಕಲು, ಮಧ್ಯಮ, ದಾಂಡಿಗ ಅಂತ ಕೆಲವೇ ಮೂಲ ಮೈಗಳು. ಕಲೆಕ್ಟರ್‌ಗಳು ಇದನ್ನು ಬಕ್ ಅನ್ನುತ್ತಾರೆ. ಎದೆ, ತೋಳು, ತೊಡೆ ಅವವೇ. ತಲೆ ಹೊಸದು, ಬೆಲ್ಟು ಹೊಸದು, ಬೇಕಿದ್ದರೆ ಕೈಗವಸು ಮತ್ತು ಬೂಟು ಹೊಸದು. ಮುಖ ಮುಚ್ಚಿ ಹಿಡಿದು ತೊಡೆ ನೋಡಿದರೆ ಹೀರೋ ಯಾರು, ಖಳ ಯಾರು ಗೊತ್ತಾಗುವುದಿಲ್ಲ. ಮೊಣಕಾಲಿನ ಕೆಳಗೆ ಬೂಟು ಸೇರುವ ಗೆರೆಯನ್ನು ಉಗುರಿನಿಂದ ಸವರಿ. ಅಂಚು ಉಬ್ಬಿ ನಿಂತಿದ್ದರೆ ಅದು ಕೆತ್ತಿದ ಬೂಟು. ಉಬ್ಬಿಲ್ಲದೆ ಬಣ್ಣ ಮಾತ್ರ ಬದಲಾಗಿದ್ದರೆ ಅದು ಬರಿಗಾಲಿಗೆ ಬಳಿದ ಬೂಟು, ಮೈ ಯಾರದ್ದೋ. ಬೊಂಬೆಯ ಬೆನ್ನಿನಲ್ಲೋ ಅಂಗಾಲಿನಲ್ಲೋ ಒತ್ತಿರುವ ಇಸವಿ ಆ ಅಚ್ಚು ಕೊರೆದ ಕಾಲದ್ದು, ಬೊಂಬೆ ಮಾರಾಟಕ್ಕೆ ಬಂದ ಕಾಲದ್ದಲ್ಲ. ಹಳೆಯದು ಅಂತ ಇಸವಿ ತೋರಿಸಿ ಬೆಲೆ ಏರಿಸುವವರಿಗೂ ಇದು ಚೆನ್ನಾಗಿಯೇ ಗೊತ್ತಿರುತ್ತದೆ.

ಯಾಕೆ ಹೀಗೆ? ಒಂದು ಫಿಗರ್‌ಗೆ ಈಗ ಮೂವತ್ತರ ಆಸುಪಾಸು ಕೀಲು ಇರುತ್ತದೆ. ಎರಡು ಸಲ ಮಡಚುವ ಮೊಣಕೈ ಒಂದಕ್ಕೇ ಮೇಲ್ತೋಳು, ನಡುವಿನ ಕೀಲುತುಂಡು, ಮುಂಗೈ ಅಂತ ಮೂರು ಭಾಗ. ಪ್ರತಿ ಭಾಗಕ್ಕೂ ಉಕ್ಕಿನಲ್ಲಿ ಕುಳಿ ಕೊರೆಯಬೇಕು. ದುಡ್ಡೆಲ್ಲ ಸುರಿಯುವುದು ಅಲ್ಲಿ. ಒಮ್ಮೆ ಕೊರೆದ ಅಚ್ಚು ಲಕ್ಷಗಟ್ಟಲೆ ತುಂಡು ಹೆರುತ್ತದೆ. ಅದಕ್ಕೆ ಸುರಿಯುವ ಪ್ಲಾಸ್ಟಿಕ್ ಕಾಳು ಕಪ್ಪಾದರೇನು, ನೀಲಿಯಾದರೇನು? ಯಂತ್ರದ ಹೊಟ್ಟೆಯಲ್ಲಿ ಉಳಿದ ಹಳೆ ಬಣ್ಣ ಹೋಗುವ ತನಕ ಒಂದಿಷ್ಟು ತುಂಡು ದಂಡ, ಅಷ್ಟೆ. ಎದೆಯ ಲಾಂಛನ ಟ್ಯಾಂಪೋ ಕೆಲಸ: ಕೆತ್ತಿದ ತಗಡಿನ ಮೇಲಿನ ಶಾಯಿಯನ್ನು ಮೆತ್ತನೆಯ ಸಿಲಿಕೋನ್ ಮುದ್ದೆ ಎತ್ತಿಕೊಂಡು ಬಂದು ಎದೆಗೆ ಒತ್ತುತ್ತದೆ. ತಗಡು ಬದಲಿಸುವುದು ಅಗ್ಗ. ಬಣ್ಣ ಸಿಂಪಡಿಸಬೇಕೆಂದರೆ ಉಳಿದ ಜಾಗ ಮುಚ್ಚಲು ಲೋಹದ ಕವಚ ಬೇಕು, ಬಣ್ಣಕ್ಕೊಂದು, ಜೊತೆಗೆ ಕೈಕೆಲಸ. ಹೊಸ ತಲೆ ಅದಕ್ಕಿಂತ ದುಬಾರಿ, ಹೊಸ ಮೈ ಎಲ್ಲಕ್ಕಿಂತ ದುಬಾರಿ. ಹಾಗಾಗಿ "ಇನ್ನೊಬ್ಬ ಬ್ಯಾಟ್‌ಮನ್ ಯಾಕಪ್ಪಾ" ಎಂಬ ಪ್ರಶ್ನೆಗೆ ಉತ್ತರ ಕಾರ್ಖಾನೆಯಲ್ಲೇ ಇದೆ.

ಕಂಜೂಸುತನದಿಂದ ಒಳ್ಳೆಯದೇ ಹುಟ್ಟುವುದಿಲ್ಲ ಅಂತಲ್ಲ. 1982ರಲ್ಲಿ ಹ್ಯಾಸ್ಬ್ರೋ ತನ್ನ ಸೈನಿಕ ಬೊಂಬೆಗಳ ಜಿ.ಐ. ಜೋ ಸಾಲನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿ ಹೊರತಂದಾಗ, ಖರ್ಚು ಉಳಿಸಲೆಂದು ಒಬ್ಬನಿಗೆ ಬಣ್ಣವನ್ನೇ ಬಳಿಯದೆ ಬರೀ ಕಪ್ಪು ಪ್ಲಾಸ್ಟಿಕ್‌ನಲ್ಲಿ ಬಿಟ್ಟರು. ಅವನೇ ಸ್ನೇಕ್ ಐಸ್. ಜನ ಮುಗಿಬಿದ್ದದ್ದು ಅವನ ಮೇಲೆ.

ಬ್ಯಾಟ್‌ಮನ್‌ನವನ ಸಾಲಿನಲ್ಲಿ ಹಳೆಯ ಕೆನ್ನರ್ ಕಂಪನಿಯ ಬೊಂಬೆಗಳೂ ಇದ್ದವು, 1990ರಲ್ಲಿ ಶುರುವಾದ ಡಾರ್ಕ್ ನೈಟ್ ಕಲೆಕ್ಷನ್‌ನವು. ಟೆಕ್-ಶೀಲ್ಡ್ ಬ್ಯಾಟ್‌ಮನ್, ಐರನ್ ವಿಂಚ್ ಬ್ಯಾಟ್‌ಮನ್, ವಾಲ್ ಸ್ಕೇಲರ್ ಬ್ಯಾಟ್‌ಮನ್, ಥಂಡರ್ ವಿಪ್ ಬ್ಯಾಟ್‌ಮನ್. ಅವನು ಒಂದೊಂದನ್ನೂ ಎತ್ತಿ ಹೆಸರು ಹೇಳುತ್ತಿದ್ದರೆ ವ್ರತದವನು ಪ್ರತಿ ಸಲವೂ "ಒಬ್ಬ" ಅಂತ ಎಣಿಸುತ್ತಿದ್ದ. ಗೋಡೆ ಹತ್ತುವವನಿಗೊಂದು ಬೊಂಬೆ, ಚಾಟಿ ಬೀಸುವವನಿಗೊಂದು ಬೊಂಬೆ, ಇಷ್ಟೆಲ್ಲ ಬ್ಯಾಟ್‌ಮನ್‌ಗಳು ಸೇರಿ ಹಿಡಿಯಬೇಕಾದ ಕಳ್ಳರು ಮಾತ್ರ ಬೆರಳೆಣಿಕೆ. ಅಂಗಡಿಯವನ ಲೆಕ್ಕ ಬೇರೆ. ಈ ವಾರ ಮೊದಲ ಸಲ ಬರುವ ಮಗುವಿಗೆ ಬೇಕಾದವನು ಬ್ಯಾಟ್‌ಮನ್. ಅಂಗಡಿಯ ಕೊಕ್ಕೆಯಲ್ಲಿ ಅವನಿಲ್ಲದೆ ಬರೀ ಅವನ ಖಳ ಪೆಂಗ್ವಿನ್ ನೇತಾಡುತ್ತಿದ್ದರೆ, ಪೆಂಗ್ವಿನ್ ಒಬ್ಬನನ್ನೇ ಮನೆಗೆ ಒಯ್ದು ಆ ಮಗು ಏನು ಆಟ ಆಡೀತು? ಪ್ರತಿ ವರ್ಷ ಹೊಸ ಮಗು ಬರುತ್ತದೆ, ಪ್ರತಿ ವರ್ಷ ನಾಯಕ ಕೊಕ್ಕೆಯಲ್ಲಿರಬೇಕು. ಕಳೆದ ವರ್ಷ ಕೊಂಡ ಮಗುವೂ ಮತ್ತೆ ಕೊಳ್ಳಲಿ ಅಂತ ಬಣ್ಣ ಬದಲಿಸುತ್ತಾರೆ. ನಲವತ್ತು ದಾಟಿದ ನಮ್ಮಂಥವರು ಆ ಲೆಕ್ಕದೊಳಗೆ ತಡವಾಗಿ ನುಗ್ಗಿ ಕೂಗಾಡುತ್ತಿದ್ದೇವೆ.

ತದ್ವಿರುದ್ಧದ ಉದಾಹರಣೆ ಮ್ಯಾಟೆಲ್‌ನ ಮಾಸ್ಟರ್ಸ್ ಆಫ್ ದ ಯೂನಿವರ್ಸ್. ಅದರ ನಾಯಕ, 1982ರ ಹೀ-ಮ್ಯಾನ್, ಅವನ ಮೈ ಎಷ್ಟು ಜನರಿಗೆ ಬಾಡಿಗೆಗೆ ಹೋಗಿದೆ ಎಂದು ಎಣಿಸಲು ಕೂತರೆ ಸಂಜೆಯಾಗುತ್ತದೆ. ಹೀ-ಮ್ಯಾನ್ ಅಚ್ಚಿಗೇ ನೀಲಿ ಪ್ಲಾಸ್ಟಿಕ್ ಸುರಿದು, ಕೂದಲಿಗೆ ಕಿತ್ತಳೆ ಬಳಿದು, ಮುಖ್ಯ ಖಳ ಸ್ಕೆಲೆಟರ್‌ನ ಎದೆಕವಚವನ್ನು ಕಿತ್ತಳೆಯಲ್ಲಿ ತೊಡಿಸಿದರೆ ಫೇಕರ್. ಕವಚ ಬಿಚ್ಚಿದರೆ ಎದೆಯ ಮೇಲೆ ಟೇಪ್ ಸುರುಳಿಗಳ ಸ್ಟಿಕರ್, ಯಂತ್ರಮಾನವ ಅಂತ ತೋರಿಸಲು. ಅದೇ ಸಾಲಿನ ಮರ್-ಮ್ಯಾನ್ ತಲೆಗೆ ಕಪ್ಪು ಬಿಳುಪು ಬಳಿದು, ಮೆಕಾನೆಕ್‌ನ ಕವಚ ಹಾಕಿ, ಪ್ಲಾಸ್ಟಿಕ್ಕಿಗೇ ಪ್ಯಾಚುಲಿ ಎಣ್ಣೆ ಬೆರೆಸಿದರೆ ಸ್ಟಿಂಕರ್, ಸ್ಕಂಕ್ ಎಂಬ ದುರ್ನಾತದ ಪ್ರಾಣಿಯಂತೆ ನಾರುವ ಖಳ. ಬೀಸ್ಟ್ ಮ್ಯಾನ್ ಮೈಗೆ ಹಸಿರು ನವಿರು ಅಂಟಿಸಿ ಪೈನ್ ಪರಿಮಳ ಹಾಕಿದರೆ ಮಾಸ್ ಮ್ಯಾನ್. ಇವೆರಡೂ 1985ರವು. ಸ್ಟಿಂಕರ್ ಇವತ್ತಿಗೂ ಪೆಟ್ಟಿಗೆ ತೆಗೆದರೆ ಸುಳಿವು ಕೊಡುತ್ತಾನೆ. ಮಾಸ್ ಮ್ಯಾನ್ ಮಾತ್ರ ನಮ್ಮ ಮಳೆಗಾಲಕ್ಕೆ ಆಗಿಬರುವವನಲ್ಲ. ನವಿರಿನಲ್ಲಿ ತೇವ ಕೂತರೆ ಬೂಷ್ಟು ಹಿಡಿಯುತ್ತದೆ, ತೊಳೆದು ಉಜ್ಜಿದರೆ ಕಂಕುಳಲ್ಲಿ ಬೋಳು ಬೀಳುತ್ತದೆ. ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು.

ಈ ಮೂವರಲ್ಲಿ ಹೊಸ ಉಕ್ಕು ಎಷ್ಟು? ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಮೂವರೂ ಬೇರೆ ಬೇರೆ ಜನ. ನಮ್ಮ ದಸರಾ ಬೊಂಬೆಗಳ ದಶಾವತಾರದ ಸೆಟ್ಟು ಇದರ ಪೂರ್ತಿ ಉಲ್ಟಾ: ವ್ಯಕ್ತಿ ಒಬ್ಬನೇ, ಮೀನಿಗೊಂದು, ಆಮೆಗೊಂದು, ಹಂದಿಗೊಂದು, ಸಿಂಹಕ್ಕೊಂದು ಅಚ್ಚು. ವ್ರತದವನ ನಿಯಮದಲ್ಲಿ ಅಲ್ಲಿ ಒಂದೇ ಬೊಂಬೆ ಕೊಳ್ಳಬೇಕು. ಯಾವುದನ್ನು ಅಂತ ಅವನೇ ಹೇಳಲಿ.

"ಜನ ಎಷ್ಟು" ಎಂಬ ಪ್ರಶ್ನೆ ತಪ್ಪಲ್ಲ, ಅರ್ಧಂಬರ್ಧ. ನನ್ನ ಸಿಟ್ಟು ಮರುಬಳಕೆಯ ಮೇಲಲ್ಲ, ಸೋಮಾರಿ ಮರುಬಳಕೆಯ ಮೇಲೆ. ಅದೇ ಮೈಗೆ ಬೇರೆ ಹೆಸರು, ಬೇರೆ ಚಾಳಿ, ಒಂದು ದುರ್ನಾತವನ್ನಾದರೂ ಕೊಟ್ಟಿದ್ದರೆ ದುಡ್ಡು ಕೊಡಬಹುದು. ಅದೇ ಹೆಸರಿಗೆ ಹಿಂದೊಂದು ವಿಶೇಷಣ ಅಂಟಿಸಿ ಮಿಂಚುವ ಬಣ್ಣ ಬಳಿದಿದ್ದರೆ ಕೊಕ್ಕೆಯಲ್ಲೇ ಇರಲಿ.

ಬಣ್ಣ ಬದಲಾವಣೆಯೇ ಬೆಲೆಯಾದದ್ದೂ ಉಂಟು. ಆ ಮೇಜಿನ ಕೊನೆಯಲ್ಲಿ ಕೂತಿದ್ದ ಮಿತಭಾಷಿಯೊಬ್ಬರ ಡಬ್ಬಿಯಲ್ಲಿ ಫನ್‌ಸ್ಕೂಲ್ ಜಿ.ಐ. ಜೋಗಳಿದ್ದವು. ಎಂ.ಆರ್.ಎಫ್ ಮತ್ತು ಹ್ಯಾಸ್ಬ್ರೋ ಸೇರಿ 1987ರಲ್ಲಿ ಕಟ್ಟಿದ ಕಂಪನಿ. ಅಮೆರಿಕದ ಅಚ್ಚುಗಳಲ್ಲೇ ಇಲ್ಲಿ ಬೊಂಬೆ ಎರಕ ಹೊಯ್ದರು, ಬಣ್ಣ ಮಾತ್ರ ಹಲವು ಸಲ ತಮ್ಮ ಮನಸ್ಸಿಗೆ ಬಂದಂತೆ ಹಾಕಿದರು. ತೊಂಬತ್ತರ ದಶಕದಲ್ಲಿ ನಮ್ಮ ಹುಡುಗರು ಮರಳಲ್ಲಿ ಹೂತು ಮರೆತ ಅವೇ ಬೊಂಬೆಗಳನ್ನು ಹೊರದೇಶದವರು ಈಗ ಹುಡುಕಿ ಕೊಳ್ಳುತ್ತಾರೆ, ಆ ಬಣ್ಣ ಬೇರೆಲ್ಲೂ ಸಿಗದು ಅಂತ. ವ್ರತದವನೂ ಅಲ್ಲಿ ಬಗ್ಗಿ ನೋಡಿದ. "ಇದು ಬೇರೆ ಲೆಕ್ಕ" ಅಂದ. ಯಾರೂ ಜಗ್ಗಲಿಲ್ಲ: "ಜನ ಎಷ್ಟು?"

ಇವನ್ನು ಕೊಳ್ಳುವಾಗ ನೋಡಬೇಕಾದದ್ದು ಹೆಬ್ಬೆರಳು, ಮೊಣಕೈ, ತೊಡೆಸಂದು, ಈ ಕ್ರಮದಲ್ಲಿ. ಹೆಬ್ಬೆರಳು ಮುರಿಯುವುದು ಬಂದೂಕನ್ನು ಒತ್ತಿ ತುರುಕುವುದರಿಂದ. ಸೊಂಟ ಜೋಲಾಡಿದರೆ ಹೆದರಬೇಡಿ, ಒಳಗಿನ ರಬ್ಬರ್ ಓ-ರಿಂಗ್ ಒಣಗಿ ಬಿರಿದಿರುತ್ತದೆ. ಬೆನ್ನಿನ ಸ್ಕ್ರೂ ಬಿಚ್ಚಿ, ಎದೆಯ ಎರಡು ಹೋಳು ಬೇರೆ ಮಾಡಿ. ಕಾಲುಗಳನ್ನು ಹಿಡಿದಿರುವ ಲೋಹದ ಕೊಕ್ಕೆಗೆ ಹೊಸ ರಿಂಗ್ ಸಿಕ್ಕಿಸಿ, ಸೊಂಟದ ತುಂಡಿನ ಮೂಲಕ ಮೇಲೆಳೆದು, ಎದೆಯೊಳಗಿನ ಕಂಬಕ್ಕೆ ತೊಡಿಸಿ ಮುಚ್ಚಬೇಕು. ಹಳೆಯದರ ಅಳತೆಗೆ ಸರಿಯಾದ ರಿಂಗೇ ಬೇಕು. ದಪ್ಪ ಹೆಚ್ಚಾದರೆ ಸೆಳೆತ ತಾಳದೆ ತೊಡೆಸಂದು ಸೀಳುತ್ತದೆ, ಅದಕ್ಕೆ ಮದ್ದಿಲ್ಲ. ಸ್ಕ್ರೂ ಬಿಗಿಯಾದ ಮೇಲೆ ಇನ್ನೊಂದು ಸುತ್ತು ಕೊಡುವ ಚಪಲ ಬೇಡ, ಪ್ಲಾಸ್ಟಿಕ್‌ನೊಳಗೆ ಸ್ಕ್ರೂ ಹಿಡಿಯುವ ಮರೆ ಹಾಳಾಗುತ್ತದೆ.

ಹೊಸ ಆರಿಂಚಿನವಕ್ಕೆ ಬೇರೆಯೇ ಕಾಟ. ಕೀಲಿನ ಮೇಲೆ ಬಣ್ಣ ಅಂಟಿ ಕೂತಿರುತ್ತದೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೊಣಕಾಲು ತಿರುಚಿದರೆ ಪಿನ್ನು ಅಲ್ಲೇ ತುಂಡು. ಬಿಸಿನೀರಲ್ಲಿ ಒಂದೆರಡು ನಿಮಿಷ ಅದ್ದಿಯೋ ಹೇರ್ ಡ್ರೈಯರ್ ಹಿಡಿದೋ ಮೆತ್ತಗೆ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಒಂದೇ ಬಕ್‌ನಿಂದ ಆಗುವ ಉಪಕಾರವೂ ಇಲ್ಲೇ ಇದೆ: ಹೀಗೆ ಬಿಸಿ ಮಾಡಿದರೆ ತಲೆ ಕುತ್ತಿಗೆಯ ಗುಂಡಿನಿಂದ ಸಲೀಸಾಗಿ ಕಳಚುತ್ತದೆ, ಇನ್ನೊಂದರ ತಲೆ ಬಹಳ ಸಲ ಸರಿಯಾಗಿ ಕೂರುತ್ತದೆ. ಬೇಡದ ಮೂರನೇ ಸ್ಪೈಡರ್‌ಮ್ಯಾನ್ ಮೈಯನ್ನು ಯಾವುದೋ ಮರೆತ ಖಳನಿಗೆ ಕೊಡಬಹುದು.

ಕೊಳ್ಳುವ ಕ್ರಮದ ಬಗ್ಗೆ ಒಂದು ಮಾತನ್ನು ಮಾತ್ರ ಎರಡೂ ಪಕ್ಷದವರು ಒಪ್ಪುತ್ತಾರೆ. ಸಣ್ಣ ಪಾತ್ರ ಬಂದ ಕೂಡಲೇ ಕೊಳ್ಳಿ, ನಾಯಕನಿಗೆ ಕಾಯಿರಿ. ನಾಯಕ ಎರಡು ವರ್ಷಕ್ಕೆ ಮತ್ತೆ ಬರುತ್ತಾನೆ, ಮೊಣಕೈಯಲ್ಲಿ ಪಿನ್ನು ಕಾಣದ ಹೊಸ ಕೀಲಿನೊಂದಿಗೆ ಇನ್ನೂ ಚೆನ್ನಾಗಿಯೇ ಬರುತ್ತಾನೆ. ಫ್ರಾಗ್-ಮ್ಯಾನ್ ಮತ್ತೆ ಬರುತ್ತಾನೆಂದು ಯಾರೂ ಬಾಜಿ ಕಟ್ಟುವುದಿಲ್ಲ. ನಮ್ಮಲ್ಲಿ ಇದು ಇನ್ನೂ ಬಿಗಿ. 2020ರಲ್ಲಿ ಆಟಿಕೆಯ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಐ.ಎಸ್.ಐ ಗುರುತೂ ಕಡ್ಡಾಯ. ಇಷ್ಟು ತೆತ್ತು ತರಿಸುವವನು ಖಂಡಿತ ಮಾರಾಟವಾಗುವ ಮುಖವನ್ನೇ ತರಿಸುತ್ತಾನೆ. ಬೆಂಗಳೂರಿನ ಅಂಗಡಿಯಲ್ಲಿ ಗೋಡೆ ತುಂಬ ಅದೇ ನಾಲ್ಕು ಮುಖ ಇದ್ದರೆ ಅಂಗಡಿಯವನ ರುಚಿಯನ್ನು ಬೈದು ಪ್ರಯೋಜನವಿಲ್ಲ.

ಕಂಪನಿಗಳಿಗೂ ಈ ಜಗಳ ಗೊತ್ತು, ಅದರಿಂದಲೇ ದುಡಿಯುತ್ತವೆ. 2005ರಲ್ಲಿ ಟಾಯ್ ಬಿಜ್ ಗ್ಯಾಲಕ್ಟಸ್ ಎಂಬ ದೈತ್ಯ ಖಳನನ್ನು ತುಂಡು ತುಂಡು ಮಾಡಿ ಮಾರ್ವೆಲ್ ಲೆಜೆಂಡ್ಸ್‌ನ ಒಂದು ಕಂತಿನ ಬೊಂಬೆಗಳ ಪೆಟ್ಟಿಗೆಗಳಲ್ಲಿ ಹಂಚಿತು. ಎಲ್ಲರನ್ನೂ ಕೊಂಡವರಿಗೆ ಮಾತ್ರ ಗ್ಯಾಲಕ್ಟಸ್ ಪೂರ್ತಿ. ಆಮೇಲೆ ಇದೇ ರೂಢಿಯಾಯಿತು: ನಿಮಗೆ ಬೇಕಾದ ಖಳನ ಎಡಗಾಲು ನಿಮಗೆ ಬೇಡದ ಸ್ಪೈಡರ್‌ಮ್ಯಾನ್ ಜೊತೆ ಇರುತ್ತದೆ. ಹಾಗಾಗಿ ಬಿಡಿ ಫಿಗರ್ ಕೊಳ್ಳುವಾಗ ಆ ಹೆಚ್ಚುವರಿ ತುಂಡು ಇದೆಯೇ ಅಂತ ಮೊದಲು ಕೇಳಿ, ಫೋಟೋ ತರಿಸಿಕೊಳ್ಳಿ, ಕೀಲಿನ ಗೂಟ ಸವೆದಿಲ್ಲವೇ ನೋಡಿ. ತುಂಡು ಇಲ್ಲದಿದ್ದರೆ ಅರ್ಧ ಬೆಲೆಗೆ ಕೇಳಿ. ಮಾರುವವನು ಗೊಣಗುತ್ತಾನೆ, ಕೊಡುತ್ತಾನೆ. ಕಾಲು ಅವನು ಆಗಲೇ ಬೇರೆಯವರಿಗೆ ಮಾರಿರುತ್ತಾನೆ.