ನಿಶ್ಚಿತಾರ್ಥದ ಉಂಗುರಕ್ಕೆ ಯಾವ ಸೆಟ್ಟಿಂಗ್? ಪಕ್ಕದಿಂದ ನೋಡಿ ಹೇಳಿ

"ಸರ್, ಎಂಗೇಜ್‌ಮೆಂಟ್ ರಿಂಗಿಗೆ ಯಾವ ಸೆಟ್ಟಿಂಗ್ ಹಾಕಿಸಿದ್ರೆ ಒಳ್ಳೇದು?" ನಾನು ಒಡವೆ ರಿಪೇರಿ ಮಾಡುವವನು ಅಂತ ಗೊತ್ತಾದ ಕೂಡಲೇ ಮದುವೆ ನಿಶ್ಚಯವಾದ ಮನೆಯವರು ಕೇಳುವ ಪ್ರಶ್ನೆ ಇದು. ಸೆಟ್ಟಿಂಗ್ ಅಂದರೆ ಹರಳನ್ನು ಉಂಗುರದಲ್ಲಿ ಹಿಡಿದು ಕೂರಿಸುವ ರೀತಿ. ಕೇಳುವಾಗ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಆ ಫೋಟೊ ಯಾವಾಗಲೂ ಮೇಲಿನಿಂದ ತೆಗೆದದ್ದು. ಪಕ್ಕದಿಂದ ತೆಗೆದದ್ದು ಇದ್ದರೆ ತೋರಿಸಿ ಅನ್ನುತ್ತೇನೆ. ಹರಳು ಬೆರಳಿನಿಂದ ಎಷ್ಟು ಎತ್ತರ ನಿಂತಿದೆ, ಅದನ್ನು ಹಿಡಿದಿರುವ ಚಿನ್ನ ಎಷ್ಟು ದಪ್ಪ, ತಳ ತೆರೆದಿದೆಯೋ ಮುಚ್ಚಿದೆಯೋ, ಇವೆಲ್ಲ ಪಕ್ಕದಿಂದಲೇ ಕಾಣುವುದು. ಮುಂದಿನ ಹತ್ತಿಪ್ಪತ್ತು ವರ್ಷ ಆ ಉಂಗುರದ ಯೋಗಕ್ಷೇಮ ನಿರ್ಧಾರವಾಗುವುದೂ ಅಲ್ಲೇ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ನಿಶ್ಚಿತಾರ್ಥ ಅಂದರೆ ತಾಂಬೂಲ ಬದಲಾಯಿಸಿಕೊಳ್ಳುವುದು, ಲಗ್ನಪತ್ರಿಕೆ ಓದುವುದು. ವಜ್ರ ಇದ್ದವರ ಮನೆಯಲ್ಲೂ ಅದು ಓಲೆಯಲ್ಲಿ, ಮೂಗುಬಟ್ಟಿನಲ್ಲಿ ಇರುತ್ತಿತ್ತು. ಕಿವಿ, ಮೂಗು ಯಾವುದಕ್ಕೂ ತಿಕ್ಕಿಕೊಳ್ಳುವುದು ಕಡಿಮೆ. ಈಗ ಅದೇ ವಜ್ರ ಇಡೀ ಮೈಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗಕ್ಕೆ ಬಂದಿದೆ. ಹಾಗಾಗಿ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಹಾಕಿಕೊಳ್ಳುವವರು ದಿನಾ ಆ ಕೈಯಲ್ಲಿ ಏನು ಕೆಲಸ ಮಾಡುತ್ತಾರೆ?

ಎಲ್ಲರೂ ತೋರಿಸುವುದು ಸಾಲಿಟೇರ್. ಒಂಟಿ ಹರಳು, ಕೆಳಗಿನಿಂದ ಎದ್ದ ನಾಲ್ಕೋ ಆರೋ ಸಣ್ಣ ಕಾಲುಗಳು ಅದನ್ನು ಅಂಚಿನಲ್ಲಿ ಹಿಡಿದಿರುತ್ತವೆ. ಪ್ರಾಂಗ್ ಅನ್ನುವುದು ಆ ಕಾಲುಗಳನ್ನೇ. ಆರು ಕಾಲಿನ ಈ ವಿನ್ಯಾಸವನ್ನು ನ್ಯೂಯಾರ್ಕಿನ ಟಿಫಾನಿ ಕಂಪನಿ ತಂದದ್ದು 1886ರಲ್ಲಿ. ಅಂದಿನಿಂದ ನಿಶ್ಚಿತಾರ್ಥದ ಉಂಗುರ ಅಂದರೆ ಹೀಗೇ ಇರಬೇಕು ಅನ್ನುವಷ್ಟು ಅದು ಕಣ್ಣಿಗೆ ಕೂತುಬಿಟ್ಟಿದೆ. ಚೆನ್ನಾಗಿಯೇ ಇದೆ, ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ಕಾಲಿನದಕ್ಕಿಂತ ಆರು ಕಾಲಿನದು ವಾಸಿ. ನಾಲ್ಕರಲ್ಲಿ ಒಂದು ಸವೆದರೆ ಹರಳು ಅಲ್ಲಾಡಲು ಶುರುವಾಗುತ್ತದೆ, ಬೀಳುವುದು ಯಾವಾಗ ಅನ್ನುವುದಷ್ಟೇ ಉಳಿದ ಪ್ರಶ್ನೆ. ಆರರಲ್ಲಿ ಒಂದು ಹೋದರೂ ಉಳಿದ ಐದು ಹಿಡಿದಿರುತ್ತವೆ, ನಿಮ್ಮ ಕಣ್ಣಿಗೆ ಬೀಳಲು ಸಮಯ ಸಿಗುತ್ತದೆ. ಪ್ರಿನ್ಸೆಸ್ ಕಟ್ ಅನ್ನುವ ಚೌಕ ಹರಳಾದರೆ ನಾಲ್ಕು ಮೂಲೆಯೂ ಚೂಪು. ವಜ್ರ ಎಷ್ಟೇ ಗಟ್ಟಿಯಾದರೂ ಕೆಲವು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಆ ಮೂಲೆಗಳನ್ನು ಇಂಗ್ಲಿಷಿನ 'ವಿ' ಆಕಾರದ ಕಾಲು ಪೂರ್ತಿ ಮುಚ್ಚಿರಬೇಕು.

ಇಲ್ಲಿ ಅಮ್ಮಂದಿರ ತಕರಾರು ಒಂದು ಬರುತ್ತದೆ. "ಹದಿನೆಂಟು ಕ್ಯಾರೆಟ್ ಯಾಕೆ, ಇಪ್ಪತ್ತೆರಡರಲ್ಲೇ ಮಾಡಿಸಿ." ಚಿನ್ನದಲ್ಲಿ ಕ್ಯಾರೆಟ್ ಅಂದರೆ ಶುದ್ಧತೆಯ ಲೆಕ್ಕ: 22 ಕ್ಯಾರೆಟ್‌ನಲ್ಲಿ ಶೇ. 91.6 ಚಿನ್ನ, 18ರಲ್ಲಿ ಶೇ. 75. ಬಳೆಗೆ, ಸರಕ್ಕೆ 22 ಸರಿ. ಆದರೆ ಸಣ್ಣ ಕಾಲುಗಳಿಗೆ ಅದು ಮೆತ್ತಗಾಯಿತು, ಬಾಗಿಲಿನ ಚಿಲಕಕ್ಕೆ ಒಮ್ಮೆ ತಗುಲಿದರೂ ಬಾಗುತ್ತದೆ. 18ರಲ್ಲಿ ಬೆರೆತ ತಾಮ್ರ, ಬೆಳ್ಳಿಯಿಂದ ಬಿಗಿ ಬರುತ್ತದೆ. 22 ಕ್ಯಾರೆಟ್ಟೇ ಆಗಬೇಕೆಂದರೆ ಸೆಟ್ಟಿಂಗ್ ಬದಲಾಯಿಸಿ, ಬೆಜೆಲ್ ಮಾಡಿಸಿ.

ಬೆಜೆಲ್ ಅಂದರೆ ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿ, ಅದನ್ನು ಹರಳಿನ ಮೇಲೆ ತುಸು ಒತ್ತಿ ಕೂರಿಸುವುದು. ನಮ್ಮ ಕಡೆಯ ಹಳೇ ಓಲೆ, ಮೂಗುಬಟ್ಟು ಕಂಡವರಿಗೆ ಇದು ಹೊಸದೇನಲ್ಲ. ಮಗು ಎತ್ತಿಕೊಳ್ಳುವ ಕೈ, ಆಸ್ಪತ್ರೆಯಲ್ಲಿ ಗ್ಲೌಸ್ ಹಾಕಿ ತೆಗೆಯುವ ಕೈ, ರೊಟ್ಟಿ ತಟ್ಟುವ ಕೈ, ಬೈಕ್ ಓಡಿಸುವ ಕೈ ಯಾವುದಕ್ಕಾದರೂ ನಾನು ಮೊದಲು ಹೇಳುವುದು ಇದನ್ನೇ. ರೇಷ್ಮೆ ಸೀರೆಯ ಎಳೆ ಸಿಕ್ಕುವುದಿಲ್ಲ, ಹರಳಿನ ಅಂಚಿಗೆ ಪೆಟ್ಟು ತಗುಲುವುದಿಲ್ಲ. "ಸುತ್ತ ಮುಚ್ಚಿದರೆ ಬೆಳಕು ಹೋಗಲ್ಲ, ಹೊಳಪು ಸಾಯುತ್ತೆ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅರ್ಧ ನಿಜ ಕೂಡ ಅಲ್ಲ. ಚೆನ್ನಾಗಿ ಕತ್ತರಿಸಿದ ದುಂಡು ವಜ್ರಕ್ಕೆ ಬೆಳಕು ಹೋಗುವುದೂ ಮೇಲಿನಿಂದ, ತಿರುಗಿ ಬರುವುದೂ ಮೇಲಿನಿಂದ. ಒಳಗೆ ಹೋದ ಬೆಳಕು ತಳದ ಮುಖಗಳಿಗೆ ಬಡಿದು ಕನ್ನಡಿಯಲ್ಲಿ ಆದ ಹಾಗೆ ವಾಪಸಾಗುತ್ತದೆ. ಅಂಚಿನಲ್ಲಿ ಚಿನ್ನ ಇದ್ದ ಮಾತ್ರಕ್ಕೆ ಅದಕ್ಕೆ ಆಗುವ ನಷ್ಟ ಕಣ್ಣಿಗೆ ಕಾಣುವಷ್ಟಲ್ಲ.

ಹೊಳಪು ಸಾಯಿಸುವುದು ಬೇರೆಯೇ. ರಿಪೇರಿಗೆ ಬರುವ ಉಂಗುರ ತಿರುಗಿಸಿ ಲೂಪ್ ಅನ್ನುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ ತಳದಲ್ಲಿ ಏನಿರುತ್ತದೆ ಗೊತ್ತೇ? ಒಣಗಿ ಕಲ್ಲಾದ ಚಪಾತಿ ಹಿಟ್ಟು, ಕಾಲುಗಳ ಸಂದಿಯಲ್ಲಿ ಅರಿಶಿನ, ಅದರ ಮೇಲೊಂದು ಕಂದು ಪದರ, ಸೋಪು ಮತ್ತು ಕೊಬ್ಬರಿ ಎಣ್ಣೆ ಸೇರಿ ಆದದ್ದು. ವಜ್ರಕ್ಕೆ ಜಿಡ್ಡು ಅಂದರೆ ಪ್ರಾಣ. ಗಣಿಗಳಲ್ಲಿ ಪುಡಿಮಾಡಿದ ಕಲ್ಲನ್ನು ನೀರಿನ ಜೊತೆ ಗ್ರೀಸ್ ಬಳಿದ ಹಲಗೆಯ ಮೇಲೆ ಹರಿಸಿ ವಜ್ರ ಬೇರ್ಪಡಿಸುತ್ತಿದ್ದುದೇ ಈ ಗುಣದಿಂದ: ಬೇರೆ ಕಲ್ಲು ಕೊಚ್ಚಿಕೊಂಡು ಹೋಗುತ್ತದೆ, ವಜ್ರ ಅಂಟಿಕೊಂಡು ನಿಲ್ಲುತ್ತದೆ. ತಳಕ್ಕೆ ಎಣ್ಣೆ ಮೆತ್ತಿತೆಂದರೆ ಅಲ್ಲಿಂದ ತಿರುಗಿ ಬರಬೇಕಾದ ಬೆಳಕು ಕೆಳಗೇ ಸೋರಿಹೋಗುತ್ತದೆ. "ಕಲ್ಲು ಮಂಕಾಗಿದೆ, ಮೋಸ ಹೋದ್ವಾ?" ಅಂತ ಗಾಬರಿಯಾಗಿ ಬಂದವರ ಉಂಗುರವನ್ನು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಹಳೇ ಟೂತ್‌ಬ್ರಶ್ ಹಿಡಿದು ಅವರ ಎದುರಿಗೇ ತೊಳೆದು ಕೊಟ್ಟು ಕಳಿಸುತ್ತೇನೆ. ಹಾಗಾಗಿ ಸೆಟ್ಟಿಂಗಿನ ತಳ ತೆರೆದಿರಲಿ ಅಂತ ನಾನು ಹೇಳುವುದು ಬೆಳಕಿಗಲ್ಲ, ಬ್ರಶ್ ಹೋಗಲಿ ಅಂತ. ಬೆಜೆಲ್ ಮಾಡಿಸಿದರೂ ಅಡಿಯಲ್ಲಿ ತೂತು ಬಿಡಿಸಿ.

ಇನ್ನು ಹ್ಯಾಲೊ, ಪಾವೆ. ನಡುವೆ ಒಂದು ಹರಳು, ಸುತ್ತ ಸಣ್ಣ ಹರಳಿನ ಬಳೆ ಇದ್ದರೆ ಹ್ಯಾಲೊ. ಉಂಗುರದ ಮೈಮೇಲೆಲ್ಲ ಪುಟ್ಟ ಹರಳು ಕೂರಿಸಿದರೆ ಪಾವೆ. ಕಡಿಮೆ ದುಡ್ಡಿನಲ್ಲಿ ದೊಡ್ಡದಾಗಿ ಕಾಣಬೇಕು ಅನ್ನುವವರಿಗೆ ಹ್ಯಾಲೊ ಹೇಳಿ ಮಾಡಿಸಿದ ಹಾಗೆ. ಹರಳಿಗೆ ಕ್ಯಾರೆಟ್ ಅಂದರೆ ತೂಕ, ಚಿನ್ನದ ಕ್ಯಾರೆಟ್ ಅಲ್ಲ. ಅರ್ಧ ಕ್ಯಾರೆಟ್ಟಿನ ದುಂಡು ವಜ್ರ ಸುಮಾರು 5 ಮಿಲಿಮೀಟರ್ ಅಗಲ, ಒಂದು ಕ್ಯಾರೆಟ್ಟಿನದು ಸುಮಾರು ಆರೂವರೆ. ಅರ್ಧ ಕ್ಯಾರೆಟ್ಟಿಗೆ ಹ್ಯಾಲೊ ಕಟ್ಟಿದರೆ ದೂರದಿಂದ ಒಂದು ಕ್ಯಾರೆಟ್ಟಿನ ಮೇಲೇ ಕಾಣುತ್ತದೆ. ಅದರಲ್ಲಿ ಮೋಸವೇನಿಲ್ಲ. ಆದರೆ ಈ ಸಣ್ಣ ಹರಳುಗಳು ಒಂದು ಸೆಂಟ್, ಅಂದರೆ ಕ್ಯಾರೆಟ್ಟಿನ ನೂರನೇ ಒಂದು ಭಾಗ, ಅಥವಾ ಇನ್ನೂ ಕಡಿಮೆ ತೂಕದವು. ಅವನ್ನು ಹಿಡಿದಿರುವುದು ಸಾಸಿವೆಗಿಂತ ಸಣ್ಣ ಚಿನ್ನದ ಮಣಿಗಳು. ನನ್ನ ಮೇಜಿಗೆ 'ಕಲ್ಲು ಬಿದ್ದುಹೋಯ್ತು' ಅಂತ ಬರುವವುಗಳಲ್ಲಿ ಈ ಜಾತಿಯದೇ ಹೆಚ್ಚು. ಬಿದ್ದ ಹರಳಿನ ಬೆಲೆ ಕಡಿಮೆ, ಹೊಂದುವುದನ್ನು ಹುಡುಕಿ ಕೂರಿಸುವ ಕೂಲಿ ಅದಕ್ಕಿಂತ ಹೆಚ್ಚು. ಬೇಕೇ ಬೇಕು ಅನ್ನುವವರು ಉಂಗುರದ ಮೇಲರ್ಧಕ್ಕೆ ಮಾತ್ರ ಹರಳು ಹಾಕಿಸಿ. ಪೂರ್ತಿ ಸುತ್ತು ಹಾಕಿಸಿದರೆ ಮುಂದೆ ಬೆರಳು ದಪ್ಪವಾದಾಗ ಸೈಜ್ ದೊಡ್ಡದು ಮಾಡಲು ನಮಗೆ ಕತ್ತರಿಸುವ ಜಾಗವೇ ಇರುವುದಿಲ್ಲ.

ಬಣ್ಣದ ಹರಳಿಗೆ ಲೆಕ್ಕ ಬೇರೆ. ಮಾಣಿಕ್ಯ, ನೀಲ ಗಟ್ಟಿ, ಕಾಲಿನ ಮೇಲೆ ನಿಲ್ಲಿಸಬಹುದು. ಪಚ್ಚೆ ಒಳಗೇ ಬಿರುಕಿರುವ ಕಲ್ಲು, ಬಹುಪಾಲು ಎಣ್ಣೆ ತುಂಬಿಸಿ ಮಾರುತ್ತಾರೆ. ಅದಕ್ಕೆ ಬೆಜೆಲ್ಲೇ ಸರಿ, ಶಬ್ದದ ಅಲೆಯಿಂದ ನೀರನ್ನು ನಡುಗಿಸಿ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್ನಿಗೆ ಹಾಕಲು ಯಾರಿಗೂ ಕೊಡಬೇಡಿ. ಜಾತಕ ತೋರಿಸಿ ಪುಷ್ಯರಾಗ ಹಾಕಿಸುವ ಮನೆಯವರು ಹರಳು ಚರ್ಮಕ್ಕೆ ತಾಗಬೇಕು ಅನ್ನುತ್ತಾರೆ. ತಳ ತೆರೆದ ಬೆಜೆಲ್ ಅವರಿಗೂ ಆಗುತ್ತದೆ, ನನಗೂ ತೊಳೆಯಲು ಆಗುತ್ತದೆ.

ಅಜ್ಜಿಯ ಓಲೆಯ ವಜ್ರ ಬಿಡಿಸಿ ಉಂಗುರ ಮಾಡಿಸಬೇಕು ಅಂತ ಈಚೆಗೆ ತುಂಬ ಜನ ಬರುತ್ತಾರೆ. ಆಸೆ ಒಳ್ಳೆಯದು, ಬಿಡಿಸುವ ಮೊದಲು ಒಂದು ಮಾತು. ಹಳೇ ಹರಳು ಎಷ್ಟೋ ಸಲ ಚಪ್ಪಟೆ, ಎರಡು ಕಿವಿಯದೂ ಒಂದೇ ಅಳತೆ ಇರುವುದಿಲ್ಲ. ಹಿಂದೆ ಹೊಳೆಯುವ ತೆಳು ಹಾಳೆ ಇಟ್ಟು, ಬೆನ್ನು ಮುಚ್ಚಿ ಕೂರಿಸಿರುತ್ತಾರೆ. ಆ ಹೊಳಪಿನಲ್ಲಿ ಹಾಳೆಯ ಪಾಲೂ ಇದೆ. ತೆಗೆದು ಆರು ಕಾಲಿನ ಮೇಲೆ ನಿಲ್ಲಿಸಿದರೆ ಗಾಜಿನ ಚೂರಿನ ಹಾಗೆ ಕಂಡು, ಮನೆಯಲ್ಲಿ ಅಜ್ಜಿಯ ವಜ್ರದ ಮೇಲೇ ಅನುಮಾನ ಶುರುವಾಗುತ್ತದೆ. ಅಂಥದ್ದನ್ನು ಉಂಗುರದಲ್ಲೂ ಬೆನ್ನು ಮುಚ್ಚಿದ ಬೆಜೆಲ್ಲಿನಲ್ಲೇ ಕೂರಿಸಿ. ತಳಕ್ಕೆ ತೂತು ಬಿಡಿಸಿ ಅಂದ ಮಾತು ಇದೊಂದಕ್ಕೆ ಅನ್ವಯಿಸುವುದಿಲ್ಲ. ನೀರು ಒಳಗೆ ಹೋದರೆ ಹಾಳೆ ಕಪ್ಪಾಗುತ್ತದೆ, ಹಾಗಾಗಿ ಅಡುಗೆಮನೆಗೆ ಹೋಗುವಾಗ ತೆಗೆದಿಡಬೇಕು.

ಹುಡುಗನ ಉಂಗುರಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹರಳು ಬೇಕೆಂದರೆ ಉಂಗುರದ ಮೈಯೊಳಗೇ ಹೂತು ಮಟ್ಟಸವಾಗಿ ಕೂರಿಸುವ ಫ್ಲಶ್ ಸೆಟ್ಟಿಂಗ್ ಸಾಕು.

ಅಂಗಡಿಯಲ್ಲಿ ಕೊಳ್ಳುವಾಗ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಟಕಟ ಸದ್ದು ಬಂದರೆ ಹರಳು ಸಡಿಲ, ಹೊಸದಾದರೂ ಸರಿ. ಆಮೇಲೆ ರೇಷ್ಮೆ ದುಪಟ್ಟದ ಅಂಚು ಅದರ ಮೇಲೆ ಎಳೆದು ನೋಡಿ, ಸಿಕ್ಕಿಕೊಂಡರೆ ಕಾಲಿನ ತುದಿ ಸರಿಯಾಗಿ ಉಜ್ಜಿಲ್ಲ ಅಂತ ಅರ್ಥ, ಅಲ್ಲೇ ವಾಪಸು ಕೊಡಿ. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ ಬೇರೆ ಬೇರೆ ಬರೆಸಿ, ಇಲ್ಲದಿದ್ದರೆ ಹರಳನ್ನೂ ಚಿನ್ನದ ರೇಟಿಗೆ ತೂಗಿದಂತಾಗುತ್ತದೆ. ಹಾಲ್‌ಮಾರ್ಕ್ ಜೊತೆಗಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, 2023ರ ಏಪ್ರಿಲ್‌ನಿಂದ ಕಡ್ಡಾಯ, ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬೆರಳಿನ ಅಳತೆ ಮಾತ್ರ ಬೆಳಗಿನ ಚಳಿಯಲ್ಲಿ ಕೊಡಬೇಡಿ, ಸಂಜೆ ಕೊಡಿ. ಬೆಳಿಗ್ಗೆ ಸರಿಹೋದ ಉಂಗುರ ಛತ್ರದ ಸೆಖೆಯಲ್ಲಿ, ಎಲ್ಲರೂ ಫೋಟೊಗೆ ಕಾದಿರುವಾಗ, ಗೆಣ್ಣಿನಲ್ಲಿ ಸಿಕ್ಕಿ ನಿಲ್ಲುತ್ತದೆ.